ಮಾತಿನ ಕೂಟಗಳು: ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆ

ಜನರು ಒಂದೆಡೆ ನೆರೆದು ಮಾತನಾಡುವುದಕ್ಕೆ ಕನ್ನಡದಲ್ಲಿ ಸಲ್ಲುವ ಪದಗಳು ಬಹುಮಟ್ಟಿಗೆ ಎರಡು ಬಗೆಯವು. ಕೂಡುವಿಕೆಯನ್ನೇ ನೇರವಾಗಿ ಹೇಳುವ ಕೂಟ, ನೆರವಿ, ಸಂಘ, ಪರಿಷತ್ತು ಮೊದಲಾದುವು ಒಂದು ಬಗೆ. ಕುಳಿತುಕೊಳ್ಳುವ ಜಾಗದ ಹೆಸರೇ ಅಲ್ಲಿ ಕುಳಿತವರಿಗೂ ಅವರ ಮಾತಿಗೂ ಹೆಸರಾಗಿ ನಿಂತ ಕಟ್ಟೆ, ಚಾವಡಿ, ಮಂಟಪ, ರಚ್ಚೆ ಮೊದಲಾದುವು ಇನ್ನೊಂದು. ಇಂದು ಪಂಡಿತರ ಪದವೆನಿಸಿರುವ ‘ಗೋಷ್ಠಿ’ಯೂ ಮೂಲತಃ ಎರಡನೆಯ ಬಗೆಯದೇ, ಸಂಸ್ಕೃತದಲ್ಲಿ ಗೋಷ್ಠವೆಂದರೆ ದನದ ಕೊಟ್ಟಿಗೆ. ಕೃಷ್ಣಾ ತುಂಗಭದ್ರೆಗಳ ನಡುವೆ, ಶಾಸನಗಳು ಎಡೆದೊರೆನಾಡೆಂದು ಕರೆದ ಭೂಭಾಗದಲ್ಲಿ ಹರಡಿರುವ ರಾಯಚೂರು ಜಿಲ್ಲೆಯ ಈ ಮೂರು ತಾಲೂಕುಗಳು ಇಂತಹ ಪದಗಳ ಚರಿತ್ರೆಯನ್ನು ಅರಸುವವರಿಗೆ ಫಲವತ್ತಾದ ನೆಲ.

ಈ ಸೀಮೆಯಲ್ಲಿ ಬರವಣಿಗೆಯಲ್ಲಿ ದೊರೆಯುವ ಅತಿ ಪ್ರಾಚೀನವಾದ ಕೂಟವಾಚಕವು ಬಂಡೆಯ ಮೇಲಿನದು. ಚಿನ್ನದ ನಿಕ್ಷೇಪಗಳನ್ನು ಅರಸುತ್ತಿದ್ದ ಗಣಿ ಎಂಜಿನಿಯರ್ ಬೀಡನ್ ಎಂಬವರಿಗೆ 1915ರಲ್ಲಿ ಮಸ್ಕಿಯಲ್ಲಿ ಗೋಚರಿಸಿ, ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳಿಂದ ಪ್ರಕಟಗೊಂಡ ಬ್ರಾಹ್ಮೀ ಲಿಪಿಯ ಪ್ರಾಕೃತ ಶಾಸನವು, ‘ದೇವಾನಾಂಪ್ರಿಯ’ನೆಂಬ ಬಿರುದಿನ ಹಿಂದೆ ಅಡಗಿದ್ದ ದೊರೆ ಅಶೋಕನೇ ಎಂಬುದನ್ನು ಅವನ ಹೆಸರಿನಿಂದಲೇ ಸ್ಥಿರಪಡಿಸಿ ಜಗತ್ಪ್ರಸಿದ್ಧವಾಯಿತು. ಆ ಹೆಸರಿನ ಪ್ರಭೆಯಲ್ಲಿ, ದೊರೆಯು ತಾನು ಸಂಘವನ್ನು ಸಮೀಪಿಸಿದೆನೆಂದು ಹೇಳಿಕೊಳ್ಳುವ ಮಾತಿನತ್ತ ನಮ್ಮ ಕಣ್ಣು ಸುಲಭವಾಗಿ ಹೊರಳುವುದಿಲ್ಲ. ಅಲ್ಲಿಯ ಸಂಘವು ಭಿಕ್ಷುಗಳದು. ಆದರೂ ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಈ ಬಂಡೆಯನ್ನೇರಿದ ಪದವು ಇಂದಿಗೂ ಇದೇ ಊರಿನಲ್ಲಿ ಬಳಕೆಯಲ್ಲಿರುವುದು ಸಾಮಾನ್ಯವಾದ ಸಂಗತಿಯಲ್ಲ.

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಅನುಭವಮಂಟಪಕ್ಕೆ ಲಿಂಗಸುಗೂರು ತಾಲೂಕಿನ ಅಮರೇಶ್ವರದಿಂದ ಹೋದ ದಂಪತಿಗಳು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ. ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ಮಾರಯ್ಯನು ಒಮ್ಮೆ ಅಗತ್ಯಕ್ಕಿಂತ ಹೆಚ್ಚು ತಂದಾಗ, ಹೆಚ್ಚಾದುದನ್ನು ಮರಳಿ ಸುರಿದು ಬಾರೆಂದು ಹೆಂಡತಿ ಹೇಳಿದ ಪ್ರಸಂಗವು ಪ್ರಸಿದ್ಧವಾದುದು. ಮನೆಯೊಳಗಿನ ಆ ಸಂವಾದವನ್ನೂ ಶರಣರ ಕೂಟದ ಸಂವಾದಗಳ ಸಾಲಿನಲ್ಲಿಯೇ ಶೂನ್ಯಸಂಪಾದನೆಯ ಸಂಕಲನಕಾರರು ಇರಿಸಿದರು. ಮಂಟಪವೆಂಬುದು ಕಟ್ಟಡವಾಗಿತ್ತೋ, ಕೇವಲ ಕೂಟವಾಗಿತ್ತೋ ಎಂಬ ವಿವಾದವು ವಿದ್ವಾಂಸರಲ್ಲಿ ಉಂಟು. ಜಾಗದ ಹೆಸರಿನಿಂದಲೇ ಜನರನ್ನು ಕರೆಯುವ ನಮ್ಮ ಭಾಷೆಯ ಒಲವನ್ನು ಬಲ್ಲವನಿಗೆ, ಹೆಸರೊಂದನ್ನೇ ಹಿಡಿದು ಆ ವಿವಾದವನ್ನು ತೀರ್ಮಾನಿಸಬರುವುದಿಲ್ಲವೆಂಬುದಂತೂ ಸ್ಪಷ್ಟ. ಮುಂದೆ ಹರಿದಾಸರು ‘ದಾಸಕೂಟ’ವೆಂಬ ಅಚ್ಚಗನ್ನಡದ ‘ಕೂಟ’ವನ್ನು ಮನ್ನಿಸಿದರು, ನೆರೆಯ ಮಾನ್ವಿಯಲ್ಲಿ ನೆಲೆಸಿದ್ದ ಜಗನ್ನಾಥದಾಸರು ಆ ಪರಂಪರೆಯವರು.

ನಿಜಾಮರ ಆಳ್ವಿಕೆಯಲ್ಲಿ ಪದಗಳ ಗತಿ ಬೇರೆಯಾಯಿತು. 1905ರವರೆಗೆ ಲಿಂಗಸುಗೂರು ಸ್ವತಃ ಜಿಲ್ಲಾಕೇಂದ್ರವಾಗಿತ್ತು. ಕಚೇರಿಯ ಭಾಷೆ ಮೊದಲು ಪಾರಸಿ, ಅನಂತರ ಉರ್ದು. ಹಳ್ಳಿಯಲ್ಲಿ ಪೊಲೀಸ್ ಪಾಟೀಲ, ಮಾಲೀಪಾಟೀಲರು ಕುಳಿತುಕೊಳ್ಳುತ್ತಿದ್ದ ಚಾವಡಿಯು ಮಾತಿನ ಜಾಗವೂ ಹೌದು, ಅಧಿಕಾರದ ಜಾಗವೂ ಹೌದು. ಆದುದರಿಂದ ‘ಚಾವಡಿಗೆ ಕರೆದರು’ ಎಂಬುದನ್ನು ಕೇಳಿದವನ ಎದೆ ಕೊಂಚ ಹಾರುತ್ತಿತ್ತು, ‘ಕಟ್ಟೆಗೆ ಬಾ’ ಎಂಬುದನ್ನು ಕೇಳಿದವನದು ಹಾರುತ್ತಿರಲಿಲ್ಲ. ಸಾರ್ವಜನಿಕ ಸಭೆಗೆ ಉರ್ದುವಿನಲ್ಲಿ ‘ಜಲಸಾ’ ಎಂಬುದೇ ಪದ. ಪೂರ್ವಾನುಮತಿಯಿಲ್ಲದೆ ಸಭೆ ಸೇರುವುದನ್ನು ನಿರ್ಬಂಧಿಸಿ ಸರ್ಕಾರವು 1929ರ ಸುಮಾರಿಗೆ ಹೊರಡಿಸಿದ 53ನೆಯ ‘ಗಸ್ತಿ’, ಎಂದರೆ ಸುತ್ತೋಲೆ, ಸಂಸ್ಥಾನದ ಉದ್ದಗಲಕ್ಕೂ ಕುಖ್ಯಾತವಾಯಿತು. ಸಭೆಯ ಅರ್ಥವಿದ್ದ ಆ ಜಲಸಾ ಕನ್ನಡದ ಆಡುಮಾತಿಗೆ ಬಂದು ಮೋಜು, ವಿಲಾಸ ಎಂಬ ಅರ್ಥಕ್ಕೆ ಇಳಿದು ಕುಳಿತಿರುವುದು ಪದಚರಿತ್ರೆಯ ವಿನೋದಗಳಲ್ಲೊಂದು. ರಾಜಕೀಯ ಸಭೆಗೆ ಅಡ್ಡಿಯಿದ್ದ ಕಾಲದಲ್ಲಿ ಸಾಹಿತ್ಯದ ಸಭೆಗೆ ಇದ್ದ ಬೆಲೆಯನ್ನು ಇಂದು ಊಹಿಸುವುದು ಕಷ್ಟ. ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ 1934ರಲ್ಲಿ ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನವು ಅಂತಹದು. ಉರ್ದುವಿನ ಒಳ್ಳೆಯ ಕೊಡುಗೆಯೂ ಇಲ್ಲದಿಲ್ಲ: ಮುಶಾಯಿರಾಗಳನ್ನು ಕೇಳಿ ಬೆಳೆದ ಈ ಜಿಲ್ಲೆಯಲ್ಲಿಯೇ ಶಾಂತರಸರು ಕನ್ನಡ ಗಜಲಿಗೆ ನೆಲೆ ಒದಗಿಸಿದರು, ಅದರ ಬೆನ್ನಿಗೇ ಗಜಲ್ ಗೋಷ್ಠಿಗಳೂ ಬಂದುವು.

ಇವೆಲ್ಲಕ್ಕೂ ಕೆಳಗೆ, ಯಾವ ಸರ್ಕಾರದ ಅನುಮತಿಯನ್ನೂ ಬೇಡದೆ ನಡೆದುಬಂದುದು ಕಟ್ಟೆ. ಅಗಸೆಯ ಬಳಿ, ಹನುಮಪ್ಪನ ಗುಡಿಯ ಮುಂದೆ, ಬೇವಿನ ಇಲ್ಲವೆ ಅರಳಿಯ ಬುಡಕ್ಕೆ ಕಲ್ಲು ಕಟ್ಟಿ ಮಾಡಿದ ಆ ಎತ್ತರದ ಮೇಲೆ ಕುಳಿತು ಮಳೆಯ ವಿಷಯದಿಂದ ಮೊದಲಾಗಿ ಮಂತ್ರಿಯ ವಿಷಯದವರೆಗೆ ಆಡುವ ಮಾತಿಗೆ ಈ ಕಡೆಯವರು ‘ಗಪ್ಪ ಹೊಡಿಯೋದು’ ಎನ್ನುವರು; ಹರಟೆ ಎಂಬುದು ಪುಸ್ತಕದ ಮಾತು. ಒಂದು ಲೋಪವನ್ನು ಇಲ್ಲಿ ಹೇಳಲೇಬೇಕು: ಕಟ್ಟೆಯೂ ಚಾವಡಿಯೂ ಗಂಡಸರವು, ಅಲ್ಲಿಯೂ ಎಲ್ಲ ಜಾತಿಯ ಗಂಡಸರವಲ್ಲ. ಹೆಂಗಸರ ಮಾತಿನ ಕೂಟಗಳು ಬೀಸುವ ಕಲ್ಲಿನ ಮುಂದೆ, ಬಾವಿಯ ದಂಡೆಯಲ್ಲಿ, ಹೊಲದ ಕಳೆಯ ಸಾಲಿನಲ್ಲಿ ನಡೆದರೂ, ಅವು ಕೆಲಸದ ಹೆಸರಿನಲ್ಲಿಯೇ ಅಡಗಿಹೋಗಿ ತಮಗೆಂದು ಹೆಸರನ್ನು ಪಡೆಯಲಿಲ್ಲ. ಆ ಹೆಸರು ಬಂದುದು ತೀರ ಈಚೆಗೆ, 2000-01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆಯ ಮತ್ತು ಅದರಂತಹ ಉಳಿತಾಯದ ಗುಂಪುಗಳ ಮೂಲಕ: ‘ಸಂಘಕ್ಕ ಹೋಗಿ ಬರ್ತೀನಿ’ ಎಂದು ಹೇಳಿ ಹೊರಡುವ ಮಸ್ಕಿಯ ಹೆಂಗಸು ಬಂಡೆಯ ಮೇಲಿನ ಪದವನ್ನೇ ನುಡಿಯುತ್ತಾಳೆ.

ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರಿಗೆ ಹೊಸ ಜನ ಬಂದರು. ಆಂಧ್ರದಿಂದ ವಲಸೆ ಬಂದ ಬತ್ತದ ರೈತರು ‘ಕ್ಯಾಂಪು’ಗಳನ್ನು ಕಟ್ಟಿದರು, ಪೂರ್ವಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಸರ್ಕಾರವು ಪುನರ್ವಸತಿ ಕ್ಯಾಂಪುಗಳನ್ನು ಕೊಟ್ಟಿತು. ಊರಕಟ್ಟೆಗೆ ತೆಲುಗರ ಪದ ‘ರಚ್ಚಬಂಡ’. ಅದರ ‘ರಚ್ಚ’ವೂ ನಮ್ಮ ‘ರಚ್ಚೆ’ಯೂ ಬೀದಿಯೆಂಬ ಅರ್ಥದ ಸಂಸ್ಕೃತ ‘ರಥ್ಯಾ’ದ ಮಕ್ಕಳೇ, ಕನ್ನಡದವನು ಜಗಳವನ್ನು ‘ರಚ್ಚೆಗೆಳೆ’ದರೆ ಅವಮಾನ, ತೆಲುಗನು ರಚ್ಚಬಂಡದ ಮೇಲೆ ಕುಳಿತರೆ ಗೌರವ. ಬಂಗಾಳಿಗಳ ‘ಅಡ್ಡಾ’ ಇನ್ನೂ ವಿಚಿತ್ರ: ಅವರಿಗೆ ಅದು ಚಹಾ ಕುಡಿಯುತ್ತ ಗಂಟೆಗಟ್ಟಲೆ ನಡೆಯುವ ಪ್ರಿಯವಾದ ಮಾತುಕತೆ, ಕನ್ನಡದ ಕಿವಿಗೆ ಜೂಜಿನವರು ಸೇರುವ ತಾಣ.

ಅಂತರ್ಜಾಲದ ಚರ್ಚಾಕೂಟಗಳಿಗೆ ಹೆಸರಿಡುವಾಗಲೂ ಹಳೆಯ ಒಲವೇ ಗೆದ್ದಿತು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವು ತನ್ನ ಸಂಪಾದಕರು ಕೂಡಿ ಮಾತನಾಡುವ ಪುಟಕ್ಕೆ ‘ಅರಳಿ ಕಟ್ಟೆ’ ಎಂದು ಹೆಸರಿಟ್ಟಿತು. ಆದರೆ ಕೈಯಲ್ಲಿನ ಮೊಬೈಲಿಗೆ ಈ ಸೌಭಾಗ್ಯವಿಲ್ಲ. ವಾಟ್ಸ್‌ಆ್ಯಪ್ಪಿನ ಕೂಟವು ಸಿಂಧನೂರಿನ ಅಂಗಡಿಯವನಿಗೂ ಲಿಂಗಸುಗೂರಿನ ಮಾಸ್ತರನಿಗೂ ‘ಗ್ರೂಪು’ ಮಾತ್ರ. ಅದಕ್ಕೆ ಒಬ್ಬನನ್ನು ಸೇರಿಸಿಕೊಳ್ಳುವುದಕ್ಕೆ ‘ಆ್ಯಡ್ ಮಾಡು’ ಎಂದೇ ಎನ್ನುವರು. ಕಟ್ಟೆಗೆ ಯಾರನ್ನೂ ಯಾರೂ ಹಾಗೆ ಸೇರಿಸುತ್ತಿರಲಿಲ್ಲವಾಗಿ, ಆ ಕ್ರಿಯೆಗೆ ಹಳೆಯ ಪದವೊಂದು ಸಿದ್ಧವಾಗಿ ದೊರೆಯಲಿಲ್ಲ.