ಕಲಿಸುವವರ ಕಲಿಕೆ

ಆಳಂದ, ಅಫಜಲಪುರ ಅಥವಾ ಜೇವರ್ಗಿಯ ಪದವಿ ಕಾಲೇಜಿನಲ್ಲಿ ನೀವು ವಿಜ್ಞಾನ ಓದುತ್ತಿದ್ದರೆ, ನಿಮ್ಮ ಅಧ್ಯಾಪಕರು ಕೆಲವು ವಾರ ತರಬೇತಿಗೆ ಹೋಗಿಬಂದುದನ್ನು ಕೇಳಿರಬಹುದು. ಈ ಪದ್ಧತಿಗೊಂದು ಇತಿಹಾಸವಿದೆ.

1986ರ ರಾಷ್ಟ್ರೀಯ ಶಿಕ್ಷಣ ನೀತಿ ಅಧ್ಯಾಪಕರ ನಿರಂತರ ಕಲಿಕೆಗೆ ಒತ್ತು ಕೊಟ್ಟಿತು. ಅದರ ಬೆನ್ನಲ್ಲೇ ಯುಜಿಸಿಯು ಆಯ್ದ ವಿಶ್ವವಿದ್ಯಾಲಯಗಳಲ್ಲಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ತೆರೆಯಿತು. ನಮ್ಮ ರಾಜ್ಯದಲ್ಲಿ ಮೈಸೂರು, ಬೆಂಗಳೂರು, ಧಾರವಾಡಗಳಿಗೆ ಅವು ಬಂದವು. ಹೊಸಬರಿಗೆ 4 ವಾರಗಳ ಓರಿಯೆಂಟೇಷನ್, ಅನುಭವಿಗಳಿಗೆ 3 ವಾರಗಳ ಪುನಶ್ಚೇತನ ಕೋರ್ಸ್. 2015ರಲ್ಲಿ ಇವುಗಳಿಗೆ ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರವೆಂದೂ, 2023ರಲ್ಲಿ ಮಾಳವೀಯ ಮಿಷನ್ ಶಿಕ್ಷಕರ ತರಬೇತಿ ಕೇಂದ್ರವೆಂದೂ ಹೆಸರಾಯಿತು.

ಈ ತರಬೇತಿಗೂ ಬಡ್ತಿಗೂ ನಂಟಿದೆ. 2018ರ ಯುಜಿಸಿ ನಿಯಮಗಳ ಪ್ರಕಾರ, ಪಿಎಚ್.ಡಿ. ಪಡೆದ ಸಹಾಯಕ ಪ್ರಾಧ್ಯಾಪಕರು ಮೊದಲ ಬಡ್ತಿಗೆ 4 ವರ್ಷಗಳ ಸೇವೆಯ ಜೊತೆಗೆ 21 ದಿನಗಳ ಓರಿಯೆಂಟೇಷನ್ ಕೂಡ ಮುಗಿಸಿರಬೇಕು. ಸಂಶೋಧನೆಯ ದಾರಿಯೂ ಈ ಭಾಗಕ್ಕೆ ಹತ್ತಿರವಾಗಿದೆ: 1980ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು, 2009ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲೂಕಿನ ಕಡಗಂಚಿಯಲ್ಲಿ ನೆಲೆಗೊಂಡಿದೆ.

ಆದರೆ ಒಂದು ಕೊರತೆಯನ್ನು ಗಮನಿಸಿ. ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಹೊರೆ ಹೊರುತ್ತಿರುವ ಅತಿಥಿ ಉಪನ್ಯಾಸಕರಿಗೆ ಈ ಬಡ್ತಿಯ ಏಣಿಯೇ ಇಲ್ಲ. ಎಷ್ಟು ವರ್ಷ ಕಲಿಸಿದರೂ ಅವರು ಮೊದಲ ಮೆಟ್ಟಿಲಿನ ಕೆಳಗೇ ಇರುತ್ತಾರೆ. ಅವರ ವಿದ್ಯಾರ್ಥಿಗಳಿಗೂ ಹೊಸ ವಿಜ್ಞಾನ ತಲುಪಬೇಕಲ್ಲವೆ? ಅಧ್ಯಾಪಕ ಮಿತ್ರರೇ, ತರಬೇತಿಯಲ್ಲಿ ನೀವು ಕಲಿತ ಪ್ರಯೋಗವನ್ನು ಪಕ್ಕದ ಕೊಠಡಿಯ ಅತಿಥಿ ಉಪನ್ಯಾಸಕರಿಗೂ ಮಾಡಿ ತೋರಿಸಿ. ಅದಕ್ಕೆ ಯಾವ ನಿಯಮದ ಅಡ್ಡಿಯೂ ಇಲ್ಲ.