ಪೆನ್‌ಡ್ರೈವ್ ದೋಷ ಮತ್ತು ದುರಸ್ತಿ: ಪಾಂಡವಪುರ ಉಪವಿಭಾಗ

ಯುಎಸ್‌ಬಿ ಫ್ಲ್ಯಾಶ್ ಡ್ರೈವನ್ನು ಕಂಪ್ಯೂಟರಿಗೋ ಬೇರೆ ಉಪಕರಣಕ್ಕೋ ಚುಚ್ಚಿದಾಗ ಅದು ತೆರೆಯದಿರುವುದು, ಫಾರ್ಮ್ಯಾಟ್ ಮಾಡಹೋದರೂ ಒಪ್ಪದಿರುವುದು ಪೆನ್‌ಡ್ರೈವ್ ದೋಷ. ಮಂಡ್ಯ ಜಿಲ್ಲೆಯ ಪಾಂಡವಪುರ ಉಪವಿಭಾಗಕ್ಕೆ ಸೇರಿದ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ (ಕೆ.ಆರ್. ಪೇಟೆ) ಮತ್ತು ನಾಗಮಂಗಲ ತಾಲ್ಲೂಕುಗಳ ಆಡುಮಾತಿನಲ್ಲಿ ಇದಕ್ಕೆ ‘ಸಿಸ್ಟಮ್ ತಗೊತಾ ಇಲ್ಲ’, ‘ಫಾರ್ಮ್ಯಾಟ್ ಕೇಳ್ತೈತೆ’, ‘ಫಾರ್ಮ್ಯಾಟೂ ಆಯ್ತಾ ಇಲ್ಲ’ ಎನ್ನುತ್ತಾರೆ. ಮೂರೂ ಒಂದೇ ಕಾಯಿಲೆಯ ಹೆಸರಲ್ಲ. ಮೊದಲನೆಯದು ಬಹುಮಟ್ಟಿಗೆ ಸಂಪರ್ಕದ ಅಥವಾ ನಿಯಂತ್ರಕ ಚಿಪ್ಪಿನ ತೊಂದರೆ. ಎರಡನೆಯದು ಕಡತಗಳ ಲೆಕ್ಕ ತಪ್ಪಿದ್ದರ ಗುರುತು. ಮೂರನೆಯದು ಚಿಪ್ಪಿನ ಆಯಸ್ಸು ಮುಗಿಯುತ್ತಿರುವುದರ ಸೂಚನೆ. ದುರಸ್ತಿಯ ಇತಿಹಾಸವೆಂದರೆ ಈ ಮೂರನ್ನು ಬೇರ್ಪಡಿಸಿ ನೋಡಲು ಕಲಿತ ಇತಿಹಾಸವೇ.

ಹಿನ್ನೆಲೆ

ಪೆನ್‌ಡ್ರೈವ್ ಎರಡು ಶೋಧಗಳ ಕೂಡಿಕೆ. ವಿದ್ಯುತ್ತಿಲ್ಲದಾಗಲೂ ಮಾಹಿತಿ ಉಳಿಸಿಕೊಳ್ಳುವ ಫ್ಲ್ಯಾಶ್ ಮೆಮೊರಿಯನ್ನು ಜಪಾನಿನ ತೊಷಿಬಾ ಕಂಪನಿಯ ಫುಜಿಯೊ ಮಸುಒಕ 1984ರಲ್ಲಿ ಪ್ರಕಟಿಸಿದರು. ಪೆನ್‌ಡ್ರೈವ್‌ಗಳಲ್ಲಿ ಬಳಕೆಯಾಗುವ ನ್ಯಾಂಡ್ ಬಗೆ 1987ರದು. ಯುಎಸ್‌ಬಿಯ ಮೊದಲ ಆವೃತ್ತಿ 1996ರ ಜನವರಿಯಲ್ಲಿ ಬಂತು. ಅದನ್ನು ರೂಪಿಸಿದವರಲ್ಲಿ ಪ್ರಮುಖರು ಇಂಟೆಲ್‌ನಲ್ಲಿದ್ದ, ಬರೋಡದಲ್ಲಿ ಓದಿದ ಅಜಯ್ ಭಟ್. 2000ದಲ್ಲಿ ಸಿಂಗಪುರದ ಟ್ರೆಕ್ 2000 ಕಂಪನಿ ‘ಥಂಬ್‌ಡ್ರೈವ್’ ಹೊರತಂದಿತು. ಅದೇ ವರ್ಷ ಇಸ್ರೇಲಿನ ಎಂ-ಸಿಸ್ಟಮ್ಸ್ ತಯಾರಿಸಿದ 8 ಎಂಬಿ ಡ್ರೈವನ್ನು ಐಬಿಎಂ ಮಾರಿತು. 1.44 ಎಂಬಿಯ ಫ್ಲಾಪಿ ಕಂಡವರಿಗೆ ಅದೇ ದೊಡ್ಡದು.

ಮೊದಲ ‘ತಗೊತಾ ಇಲ್ಲ’ ದೋಷ ಡ್ರೈವಿನದಾಗಿರಲಿಲ್ಲ. ವಿಂಡೋಸ್ 98ಕ್ಕೆ ಇಂಥ ಡ್ರೈವ್ ಗುರುತಿಸಲು ಪ್ರತ್ಯೇಕ ಡ್ರೈವರ್ ತಂತ್ರಾಂಶ ಬೇಕಿತ್ತು. ವಿಂಡೋಸ್ ಎಕ್ಸ್‌ಪಿ (2001) ಹರಡಿದ ಮೇಲೆ ಆ ಗೋಜು ತಪ್ಪಿತು.

ತಾಲ್ಲೂಕುಗಳಲ್ಲಿ ಬಳಕೆ

ಪಹಣಿಗಳನ್ನು ಕಂಪ್ಯೂಟರಿಗೆ ತಂದ ‘ಭೂಮಿ’ ಯೋಜನೆಯ ಪ್ರಯೋಗ ಆರಂಭವಾದದ್ದು ಇದೇ ಜಿಲ್ಲೆಯ ಮದ್ದೂರಿನಲ್ಲಿ. ಮುಂದೆ ತಾಲ್ಲೂಕು ಕಚೇರಿಗಳ ಸುತ್ತಲಿನ ಟೈಪಿಂಗ್, ಜೆರಾಕ್ಸ್ ಅಂಗಡಿಗಳಿಗೂ ಕಂಪ್ಯೂಟರ್ ಬಂತು. ಅರ್ಜಿಯ ಕರಡು, ಮದುವೆಯ ಆಮಂತ್ರಣ, ಫ್ಲೆಕ್ಸ್ ವಿನ್ಯಾಸ, ಸ್ಟುಡಿಯೊದವರ ಮದುವೆ ವಿಡಿಯೊ ಎಲ್ಲವೂ ಪೆನ್‌ಡ್ರೈವಿನಲ್ಲಿ ಓಡಾಡಿದವು. ಕ್ಯಾಸೆಟ್, ಸಿ.ಡಿ.ಗಳ ಜಾಗಕ್ಕೆ ಮೊಬೈಲ್ ಅಂಗಡಿಯಲ್ಲಿ ‘ಹಾಡು ಹಾಕಿಸುವ’ ರೂಢಿ ಬಂತು. ಕಬ್ಬಿನ ಟ್ರ್ಯಾಕ್ಟರ್, ಆಟೊ, ಹಬ್ಬದ ಮೈಕ್‌ಸೆಟ್ ಇವುಗಳ ಹಾಡೆಲ್ಲ ಅಲ್ಲಿಂದಲೇ.

ಕನ್ನಡದ್ದೇ ಆದ ಒಂದು ತೊಂದರೆಯೂ ಜೊತೆಗೆ ಬಂತು. ‘ಬರಹ’, ‘ನುಡಿ’ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲೇ ಕನ್ನಡ ಅಕ್ಷರದ ತುಣುಕುಗಳನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಕಾಣುತ್ತಿದ್ದುದು ತಲೆಬುಡವಿಲ್ಲದ ರೋಮನ್ ಅಕ್ಷರಗಳು, ಚಿಹ್ನೆಗಳು. ಎಷ್ಟೋ ಜನ ಇದನ್ನು ‘ಪೆನ್‌ಡ್ರೈವ್ ಕರಪ್ಟ್’ ಎಂದೇ ತಿಳಿದರು. ಡ್ರೈವ್ ನೆಟ್ಟಗಿತ್ತು, ಇಲ್ಲದ್ದು ಫಾಂಟ್ ಮಾತ್ರ. ಬಲ್ಲವರು ಕಡತದ ಜೊತೆ ಫಾಂಟನ್ನೂ ಅದೇ ಡ್ರೈವಿನಲ್ಲಿ ಹಾಕಿಕೊಂಡು ಹೋಗುತ್ತಿದ್ದರು. ಯುನಿಕೋಡ್ ಬಳಕೆ ಹೆಚ್ಚಿದಂತೆ ಈ ಗೊಂದಲ ಕಡಿಮೆಯಾಯಿತು.

ವೈರಸ್ ಕಾಲ

ಡ್ರೈವ್ ಚುಚ್ಚಿದೊಡನೆ ಒಳಗಿನ ಪ್ರೋಗ್ರಾಂ ತಾನಾಗಿ ಓಡಲೆಂದು ವಿಂಡೋಸ್‌ನಲ್ಲಿ ‘ಆಟೋರನ್’ ಸೌಲಭ್ಯವಿತ್ತು. ವೈರಸ್‌ಗಳಿಗೆ ಅದೇ ಹೆಬ್ಬಾಗಿಲಾಯಿತು. 2008ರ ನವೆಂಬರಿನಲ್ಲಿ ಕಾಣಿಸಿಕೊಂಡ ಕಾನ್‌ಫಿಕರ್ ಹುಳುವಿನ ನಂತರದ ರೂಪಗಳು ಹರಡಿದ್ದು ಈ ದಾರಿಯಲ್ಲೂ. ಆಂಟಿವೈರಸ್ ಹುಳುವನ್ನು ಅಳಿಸಿದರೂ ಅದನ್ನು ಕರೆಯುವ ಆಟೋರನ್ ಕಡತ ಕೆಲವೊಮ್ಮೆ ಉಳಿದುಬಿಡುತ್ತಿತ್ತು. ಆಗ ಡ್ರೈವಿನ ಮೇಲೆ ಎರಡು ಸಲ ಕ್ಲಿಕ್ಕಿಸಿದರೆ ಅದು ತೆರೆಯದೆ ‘ಯಾವ ಪ್ರೋಗ್ರಾಮಿನಲ್ಲಿ ತೆರೆಯಲಿ’ ಎಂದು ಕೇಳುತ್ತಿತ್ತು. ಬಲ ಕ್ಲಿಕ್ಕಿಸಿ ‘ಎಕ್ಸ್‌ಪ್ಲೋರ್’ ಒತ್ತಿದರೆ ಒಳಗಿನದೆಲ್ಲ ಕಾಣಿಸುತ್ತಿತ್ತು.

ಆಮೇಲಿನದು ಶಾರ್ಟ್‌ಕಟ್ ವೈರಸ್. ಅದು ಫೋಲ್ಡರ್‌ಗಳನ್ನು ಮರೆಮಾಡಿ, ಅದೇ ಹೆಸರಿನ ಶಾರ್ಟ್‌ಕಟ್‌ಗಳನ್ನು ಮುಂದೆ ನಿಲ್ಲಿಸುತ್ತಿತ್ತು. ಒಂದು ಬಗೆಯಂತೂ ಎಲ್ಲವನ್ನೂ ಹೆಸರೇ ಕಾಣದ ಒಂದು ಫೋಲ್ಡರಿಗೆ ತುಂಬುತ್ತಿತ್ತು. ‘ಫೋಟೊ ಎಲ್ಲಾ ಹೋಯ್ತು’ ಎಂದು ಗಾಬರಿಯಿಂದ ಫಾರ್ಮ್ಯಾಟ್ ಮಾಡಿಸಿದವರು, ಹೋಗದಿದ್ದ ಫೋಟೊಗಳನ್ನು ತಾವೇ ಕಳೆದುಕೊಂಡರು. ‘ಆಟ್ರಿಬ್’ ಎಂಬ ಒಂದು ಸಾಲಿನ ಆದೇಶ ಮರೆಮಾಡಿದ ಗುರುತನ್ನು ತೆಗೆದು ಫೋಲ್ಡರ್‌ಗಳನ್ನು ಮತ್ತೆ ಕಾಣಿಸುತ್ತಿತ್ತು. ಮೈಕ್ರೋಸಾಫ್ಟ್ ವಿಂಡೋಸ್ 7ರಲ್ಲಿ (2009) ಪೆನ್‌ಡ್ರೈವ್‌ಗಳ ಆಟೋರನ್ ನಿಲ್ಲಿಸಿತು. 2011ರ ಫೆಬ್ರವರಿಯಲ್ಲಿ ಎಕ್ಸ್‌ಪಿ, ವಿಸ್ತಾಗಳಿಗೂ ಆ ಪರಿಷ್ಕರಣೆಯನ್ನು ಹಂಚಿತು.

‘ಫಾರ್ಮ್ಯಾಟ್ ಕೇಳ್ತೈತೆ’

ಪೆನ್‌ಡ್ರೈವಿನಲ್ಲಿ ಯಾವ ಕಡತ ಎಲ್ಲಿದೆ ಎಂಬ ಲೆಕ್ಕಪುಸ್ತಕವೇ ಕಡತ ವ್ಯವಸ್ಥೆ. ಫ್ಯಾಟ್ ಎಂಬ ವ್ಯವಸ್ಥೆಯ ಮೂಲ 1977ರದು; ಫ್ಯಾಟ್32 ರೂಪ 1996ರಲ್ಲಿ ಬಂತು. ನಡುವೆ ನಿಂತ ಬರವಣಿಗೆಯನ್ನು ಸರಿಪಡಿಸಿಕೊಳ್ಳಲು ನೆರವಾಗುವ ದಿನಚರಿ (ಜರ್ನಲ್) ಇದಕ್ಕಿಲ್ಲ. ಕಾಪಿ ನಡೆಯುತ್ತಿರುವಾಗ ಕರೆಂಟು ಹೋದರೆ, ಬಸ್ಸಿನ ಅವಸರದಲ್ಲಿ ಡ್ರೈವ್ ಕಿತ್ತರೆ, ಪುಸ್ತಕದ ಅರ್ಧ ಪುಟ ಮಾತ್ರ ಬರೆದಂತಾಗುತ್ತದೆ. ಮೊದಲ ಪುಟವೇ ಹಾಳಾದರೆ ವಿಂಡೋಸ್ ಆ ಡ್ರೈವನ್ನು ‘ರಾ’ ಎಂದು ತೋರಿಸಿ, ಬಳಸುವ ಮೊದಲು ಫಾರ್ಮ್ಯಾಟ್ ಮಾಡಿ ಎನ್ನುತ್ತದೆ.

ಈ ಸಂದೇಶ ಬಂದಾಗ ಒಳಗಿನ ಸರಕು ಸಾಮಾನ್ಯವಾಗಿ ಇದ್ದಲ್ಲೇ ಇರುತ್ತದೆ, ಕಳೆದಿರುವುದು ವಿಳಾಸ. ಕ್ವಿಕ್ ಫಾರ್ಮ್ಯಾಟ್ ಹೊಸ ಲೆಕ್ಕಪುಸ್ತಕ ಬರೆಯುತ್ತದೆಯೇ ಹೊರತು ಹಳೆಯ ಸರಕನ್ನು ಉಜ್ಜುವುದಿಲ್ಲ. ವಿಸ್ತಾದಿಂದ ಈಚೆಗೆ ಪೂರ್ಣ ಫಾರ್ಮ್ಯಾಟ್ ಮಾತ್ರ ಎಲ್ಲ ಕಡೆ ಸೊನ್ನೆ ಬರೆಯುತ್ತದೆ. ಅದಾದ ಮೇಲೆ ಏನೂ ಮರಳಿ ಸಿಗದು. ಕಳೆದ ವಿಭಾಗಗಳನ್ನು ಹುಡುಕಲು ಫ್ರಾನ್ಸಿನ ಕ್ರಿಸ್ತೋಫ್ ಗ್ರೆನಿಯೆ ರಚಿಸಿದ ಟೆಸ್ಟ್‌ಡಿಸ್ಕ್, ಫೋಟೊಗಳನ್ನು ಅವುಗಳ ಆರಂಭದ ಗುರುತಿನಿಂದಲೇ ಹೆಕ್ಕಲು ಅವರದೇ ಫೋಟೊರೆಕ್, ಎರಡೂ ಉಚಿತವಾಗಿ ಸಿಗುತ್ತವೆ.

ಲಿನಕ್ಸ್ ಅನುಸ್ಥಾಪನೆಗೆಂದು ಸಿದ್ಧಪಡಿಸಿದ ಡ್ರೈವ್ ಕೂಡ ವಿಂಡೋಸ್‌ನಲ್ಲಿ ಹಾಳಾದಂತೆ ಕಾಣಬಹುದು. ವಿಂಡೋಸ್‌ನದೇ ‘ಡಿಸ್ಕ್‌ಪಾರ್ಟ್’ ಉಪಕರಣದಲ್ಲಿ ಡಿಸ್ಕನ್ನು ಸಂಖ್ಯೆಯಿಂದ ಆರಿಸಿ, ಎಲ್ಲ ಅಳಿಸುವ ‘ಕ್ಲೀನ್’ ಆದೇಶ ಕೊಟ್ಟು ಹೊಸ ವಿಭಾಗ ಮಾಡಿದರೆ ಅದು ಸರಿಹೋಗುತ್ತದೆ. ಆದರೆ ಡಿಸ್ಕಿನ ಸಂಖ್ಯೆ ತಪ್ಪಿದರೆ ಅಳಿಯುವುದು ಅಂಗಡಿಯ ಹಾರ್ಡ್‌ಡಿಸ್ಕೇ. ಆದ್ದರಿಂದ ಡಿಸ್ಕುಗಳ ಪಟ್ಟಿಯಲ್ಲಿ ಗಾತ್ರ ಓದಿ, ಡ್ರೈವ್ ಕಿತ್ತು, ಮತ್ತೆ ಪಟ್ಟಿ ನೋಡಿ, ಯಾವ ಸಾಲು ಮಾಯವಾಯಿತೆಂದು ಖಚಿತಪಡಿಸಿಕೊಂಡು ಮುಂದುವರಿಯಬೇಕು.

ಟ್ರ್ಯಾಕ್ಟರ್ ಮತ್ತು 32 ಜಿಬಿ

ಹೊಸ 64 ಜಿಬಿ ಡ್ರೈವ್ ಕಂಪ್ಯೂಟರಿನಲ್ಲಿ ತೆರೆಯುತ್ತದೆ, ಟ್ರ್ಯಾಕ್ಟರಿನ ಸೆಟ್ಟಿನಲ್ಲಿ ಹಾಡುವುದಿಲ್ಲ. ದೊಡ್ಡ ಡ್ರೈವ್‌ಗಳು ಎಕ್ಸ್‌ಫ್ಯಾಟ್ (2006) ವ್ಯವಸ್ಥೆಯಲ್ಲಿ ಬರುತ್ತವೆ. ಅಗ್ಗದ ಸೆಟ್ಟುಗಳು ಹೆಚ್ಚಾಗಿ ಬಲ್ಲದ್ದು ಫ್ಯಾಟ್32 ಮಾತ್ರ. ಅದಕ್ಕೆ ಬದಲಿಸಹೋದರೆ ವಿಂಡೋಸ್‌ನ ಫಾರ್ಮ್ಯಾಟ್ ಕಿಟಕಿ 32 ಜಿಬಿಗಿಂತ ದೊಡ್ಡ ಡ್ರೈವಿಗೆ ಫ್ಯಾಟ್32 ಆಯ್ಕೆಯನ್ನೇ ತೋರಿಸುವುದಿಲ್ಲ. 1990ರ ದಶಕದಲ್ಲಿ ಆ ಕಿಟಕಿ ಬರೆದ ಎಂಜಿನಿಯರ್ ಡೇವ್ ಪ್ಲಮರ್, ಆ ಮಿತಿಯನ್ನು ತಾತ್ಕಾಲಿಕವೆಂದು ತಾವೇ ಆರಿಸಿದ್ದಾಗಿ ಮುಂದೆ ಹೇಳಿಕೊಂಡರು. 2024ರಲ್ಲಿ ಮೈಕ್ರೋಸಾಫ್ಟ್ ಪರೀಕ್ಷಾ ಆವೃತ್ತಿಯೊಂದರಲ್ಲಿ ಆದೇಶಸಾಲಿನ ಮಿತಿಯನ್ನು 2 ಟಿಬಿಗೆ ಏರಿಸಿತು. ಅಷ್ಟು ವರ್ಷವೂ ಅಂಗಡಿಗಳು ಕಂಡುಕೊಂಡಿದ್ದ ಉಪಾಯ ಎರಡು: ಬೇರೆ ತಂತ್ರಾಂಶದಿಂದ ಫಾರ್ಮ್ಯಾಟ್ ಮಾಡುವುದು, ಇಲ್ಲವೇ ಹಾಡಿಗೆ 32 ಜಿಬಿಯದೇ ಸಾಕೆನ್ನುವುದು.

‘ಫಾರ್ಮ್ಯಾಟೂ ಆಯ್ತಾ ಇಲ್ಲ’

ಪೆನ್‌ಡ್ರೈವಿನೊಳಗೆ ಮಾಹಿತಿ ಕೂಡಿಡುವ ಮೆಮೊರಿ ಚಿಪ್ಪು, ಅದನ್ನು ಆಳುವ ನಿಯಂತ್ರಕ ಎಂದು ಎರಡು ಮುಖ್ಯ ಭಾಗ. ಮೆಮೊರಿಯ ಪ್ರತಿ ಕೋಶಕ್ಕೂ ಅಳಿಸಿ ಬರೆಯುವ ಮಿತಿಯಿದೆ. ಕೋಶಕ್ಕೆ ಒಂದೇ ಬಿಟ್ ಇಡುವ ಹಳೆಯ ಬಗೆ ಸುಮಾರು 1,00,000 ಸಲ ತಾಳುತ್ತಿತ್ತು. ಮೂರು ಬಿಟ್ ತುಂಬುವ ಅಗ್ಗದ ಬಗೆಯ ತಾಳಿಕೆ 1,000 ಸಲದ ಆಸುಪಾಸು. ಸವೆದ ಜಾಗಗಳಿಗೆ ಬದಲಿ ಕೊಡುತ್ತಾ ಬಂದ ನಿಯಂತ್ರಕ, ಮೀಸಲು ಮುಗಿದಾಗ ಬರೆಯುವುದನ್ನೇ ನಿಲ್ಲಿಸಬಹುದು. ಆಗ ‘ಡಿಸ್ಕ್ ರೈಟ್ ಪ್ರೊಟೆಕ್ಟೆಡ್’ ಎಂದು ಬರುತ್ತದೆ. ಡ್ರೈವ್ ಓದಲಷ್ಟೇ ಬರುತ್ತದೆ, ಅಳಿಸಲು ಒಪ್ಪುವುದಿಲ್ಲ. ಇದು ಕಿರುಕುಳದಂತೆ ಕಂಡರೂ ಒಳಗಿನದನ್ನು ಕಾಪಿ ಮಾಡಿಕೊಳ್ಳಲು ಸಿಕ್ಕ ಕೊನೆಯ ಅವಕಾಶ.

‘ನೋ ಮೀಡಿಯಾ’, 0 ಬೈಟ್ ಎಂದು ತೋರಿಸಿದರೆ ನಿಯಂತ್ರಕ ಬದುಕಿದೆ, ಮೆಮೊರಿಯ ದಾರಿ ಅದಕ್ಕೆ ತಪ್ಪಿದೆ ಎಂದರ್ಥ. ನಿಯಂತ್ರಕದ ಜಾತಿ ಪತ್ತೆಹಚ್ಚಿ ಕಾರ್ಖಾನೆಯ ಉಪಕರಣ ತಂತ್ರಾಂಶದಿಂದ ಅದನ್ನು ಮತ್ತೆ ಸಜ್ಜುಗೊಳಿಸಬಹುದು. ಡ್ರೈವ್ ಉಳಿದರೂ ಮಾಹಿತಿ ಉಳಿಯುವುದಿಲ್ಲ.

ನಕಲಿ ಡ್ರೈವ್‌ಗಳದು ಬೇರೆ ಕತೆ. 8 ಜಿಬಿ ಚಿಪ್ಪಿಗೆ 64 ಜಿಬಿ ಎಂದು ಸುಳ್ಳು ಹೇಳುವ ನಿಯಂತ್ರಕ ಹಾಕಿ ಮಾರುತ್ತಾರೆ. ತುಂಬಿದ ಮೇಲೆ ಬರೆದದ್ದೆಲ್ಲ ಹಳೆಯದರ ಮೇಲೆ ಬೀಳುತ್ತದೆ, ಇಲ್ಲವೇ ಗಾಳಿಗೆ ಹೋಗುತ್ತದೆ. ಹೆಸರಿನ ಪಟ್ಟಿ ಕಾಣುತ್ತದೆ, ಕಡತ ತೆರೆಯುವುದಿಲ್ಲ. ಡ್ರೈವನ್ನು ಪೂರ್ತಿ ತುಂಬಿ ಮರಳಿ ಓದುವ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಜರ್ಮನ್ ತಂತ್ರಾಂಶ ಈ ಸುಳ್ಳನ್ನು ಹಿಡಿದುಕೊಡುತ್ತದೆ.

ದುರಸ್ತಿಯ ಕ್ರಮ

ಅನುಭವಿ ಅಂಗಡಿಯವರ ಮೊದಲ ಪ್ರಶ್ನೆ ಡ್ರೈವಿನ ಬಗ್ಗೆ ಇರುವುದಿಲ್ಲ: ‘ಒಳಗೆ ಏನೈತೆ, ಬೇಕಾ ಅಣ್ಣ?’ ಬೇಡವೆಂದರೆ ಕ್ಲೀನ್, ಫಾರ್ಮ್ಯಾಟ್, ಪರೀಕ್ಷೆ. ಐದು ನಿಮಿಷದ ಕೆಲಸ. ಬೇಕೆಂದರೆ ಕ್ರಮ ತಲೆಕೆಳಗಾಗುತ್ತದೆ. ಬೇರೆ ಪೋರ್ಟ್, ಕಂಪ್ಯೂಟರಿನ ಹಿಂಬದಿಯ ಪೋರ್ಟ್, ಬೇರೆ ಕಂಪ್ಯೂಟರ್ ನೋಡಬೇಕು. ಲೋಹದ ಪಟ್ಟಿಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಒರೆಸಬೇಕು. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಗಾತ್ರ ಸರಿಯಾಗಿ ಕಂಡರೆ ಡ್ರೈವಿನ ಪೂರ್ತಿ ಪ್ರತಿಯನ್ನು ಇಮೇಜ್ ಕಡತವಾಗಿ ತೆಗೆದು, ಹುಡುಕಾಟವೆಲ್ಲ ಆ ಪ್ರತಿಯ ಮೇಲೆ ನಡೆಸಬೇಕು. ದೋಷ ತಿದ್ದುವ ‘ಚೆಕ್‌ಡಿಸ್ಕ್’ ಆದೇಶ ಮೂಲದ ಮೇಲೇ ಬರೆಯುವುದರಿಂದ ಅದರ ಸರದಿ ಕೊನೆಗೆ.

ಇಂದಿನ ಸ್ಥಿತಿ

ಅರ್ಜಿ, ಫೋಟೊಗಳ ಓಡಾಟ ಬಹುಪಾಲು ವಾಟ್ಸಾಪಿಗೆ ಸರಿದಿದೆ. ಪೆನ್‌ಡ್ರೈವ್ ಉಳಿದಿರುವುದು ಸ್ಟುಡಿಯೊ, ಫ್ಲೆಕ್ಸ್ ಅಂಗಡಿ, ಮೈಕ್‌ಸೆಟ್ ಮತ್ತು ಟ್ರ್ಯಾಕ್ಟರ್‌ಗಳಲ್ಲಿ. ಟ್ರ್ಯಾಕ್ಟರಿನ ಹಾಡು ಹೋದರೆ ಮತ್ತೆ ಹಾಕಿಸಬಹುದು. ಮದುವೆ ವಿಡಿಯೊದ ಪ್ರತಿ ಅದೊಂದೇ ಡ್ರೈವಿನಲ್ಲಿದ್ದರೆ ಆ ಮಾತಿಲ್ಲ.