ಗಾಳಿಗೆ ಜಾತಿ ಇಲ್ಲ, ಕೇರಿ ಇರೋ ತಗ್ಗಿಗೆ ಐತಿ



ಇವತ್ತು ಆಗಸ್ಟ್ 28, 2021, ಶನಿವಾರ ರಾತ್ರಿ. ರಾಯಚೂರಿನಲ್ಲಿ ಕೂತಿದೀನಿ, ಜೀವ ಮಾತ್ರ ಅಮೆರಿಕದ ನ್ಯೂ ಆರ್ಲಿಯನ್ಸ್ ಊರಿನಲ್ಲಿದೆ. ಐಡಾ ಅನ್ನೋ ಚಂಡಮಾರುತ ನಿನ್ನೆ ಕ್ಯೂಬಾ ದಾಟಿ ಮೆಕ್ಸಿಕೋ ಕೊಲ್ಲಿಗೆ ಇಳಿದಿದೆ. ನಾಳೆ ಲೂಯಿಸಿಯಾನಾ ದಂಡೆಗೆ ಬಡಿಯುತ್ತಂತೆ, ಅದೂ ನಾಲ್ಕನೇ ದರ್ಜೆಯ ಬಿರುಸಿನಲ್ಲಿ. ನಮ್ಮ ಕಡೆ ತೂಫಾನು, ಸೈಕ್ಲೋನು ಅಂತೀವಲ್ಲ, ಅದನ್ನೇ ಅವರು ಹರಿಕೇನ್ ಅಂತಾರೆ. ನಾಳೆ ತಾರೀಕು 29. ಹದಿನಾರು ವರ್ಷದ ಹಿಂದೆ ಇದೇ ತಾರೀಕು ಕತ್ರೀನಾ ಆ ಊರನ್ನು ಮುಳುಗಿಸಿತ್ತು.

ಅಲ್ಲಿ ನನಗೊಬ್ಬ ಅಕ್ಕ ಇದ್ದಾಳೆ. ಒಡಹುಟ್ಟಿದವಳಲ್ಲ. 2001ರಲ್ಲಿ ದರ್ಬಾನ್‌ನಲ್ಲಿ ವಿಶ್ವಸಂಸ್ಥೆಯ ಜನಾಂಗಭೇದ ವಿರೋಧಿ ಸಮ್ಮೇಳನ ನಡೆಯಿತಲ್ಲ, ದೇಶದ ಮೂಲೆಮೂಲೆಯಿಂದ ನಮ್ಮವರು ಹೋಗಿದ್ದರು, ನಾನೂ ಹೋಗಿದ್ದೆ. ಜಾತಿಯನ್ನು ಅಲ್ಲಿ ಚರ್ಚೆಗೇ ತರಬಾರದು ಅಂತ ಭಾರತ ಸರ್ಕಾರ ಹಟ ಹಿಡಿದಿತ್ತು. ಕೊನೆಗೆ ಘೋಷಣೆಯಲ್ಲಿ ಜಾತಿ ಅನ್ನೋ ಪದವೇ ಬರಲಿಲ್ಲ. ಆ ಬೇಜಾರಿನಲ್ಲಿ ಮೆಟ್ಟಿಲ ಮೇಲೆ ಕೂತಿದ್ದಾಗ ಒಬ್ಬ ಕಪ್ಪು ಹೆಂಗಸು ಬಂದು ಪಕ್ಕದಲ್ಲಿ ಕೂತಳು. ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾ ಬಾಡಿಗೆದಾರರ ಪರ ಹೋರಾಡುತ್ತಿದ್ದವಳು. ನನ್ನ ಇಂಗ್ಲಿಷ್ ಅರೆಬರೆ, ಆಕೆಯದು ಅರ್ಥವಾಗದಷ್ಟು ವೇಗ. ಆದರೂ ಕೇರಿ ಅಂದರೇನು ಅಂತ ನಾನು ವಿವರಿಸೋದಕ್ಕೆ ಐದು ನಿಮಿಷ ಸಾಕಾಯಿತು. ನಡುನಡುವೆ ಆಕೆಯೇ ಮುಂದಿನ ಮಾತು ಹೇಳಿಬಿಡುತ್ತಿದ್ದಳು. ಅವತ್ತಿನಿಂದ ನನಗೆ ಅಕ್ಕ.

ಮಧ್ಯಾಹ್ನ ಫೋನ್ ಮಾಡಿದ್ದೆ. ಊರು ಬಿಡ್ತೀಯಾ ಅಂದೆ. ಇಲ್ಲ ಅಂದಳು. ತಂಗಿಗೆ ಉಸಿರಾಟದ ಕಾಯಿಲೆ, ಮನೆಯಲ್ಲಿ ಆಕ್ಸಿಜನ್ ಯಂತ್ರ. ಕೋವಿಡ್‌ನಿಂದ ಲೂಯಿಸಿಯಾನಾದ ಆಸ್ಪತ್ರೆಗಳು ತುಂಬಿಹೋಗಿವೆ. ಬಿರುಗಾಳಿ ಎಷ್ಟು ಬೇಗ ಬಲಿಯಿತೆಂದರೆ, ಒಡ್ಡಿನ ಒಳಗಿರುವ ಊರಿಗೆ ಕಡ್ಡಾಯವಾಗಿ ಖಾಲಿ ಮಾಡಿ ಅನ್ನೋದಕ್ಕೂ ಸಮಯ ಉಳಿದಿಲ್ಲ ಅಂತ ಮೇಯರ್ ನಿನ್ನೆ ಹೇಳಿದ್ದಾರೆ. ಇದರ ಮೇಲೆ ತಿಂಗಳ ಕೊನೆ. ಕೈಯಲ್ಲಿ ದುಡ್ಡಿಲ್ಲ. ಹೋದರೆ ಪೆಟ್ರೋಲು, ಲಾಡ್ಜು, ಮೂರು ಹೊತ್ತಿನ ಊಟ. ಕತ್ರೀನಾ ಬಂದಾಗಲೂ ತಿಂಗಳ ಕೊನೆಯೇ. ಒಂದನೇ ತಾರೀಕಿನ ಚೆಕ್ಕಿಗಾಗಿ ಕಾಯುತ್ತಿದ್ದ ಎಷ್ಟೋ ಬಡವರು ಅವತ್ತು ಊರು ಬಿಡಲಾಗದೆ ಉಳಿದಿದ್ದರು. "ಅಟ್ಟದ ಮೇಲೆ ಕೊಡಲಿ ಇಟ್ಟಿದೀನಿ ತಮ್ಮಾ" ಅಂದಳು.

ಆ ಕೊಡಲಿ ಯಾಕೆ ಅಂತ ಹೇಳಬೇಕಾದರೆ ಹಳೇ ಬಿರುಗಾಳಿಗಳ ಕತೆ ಹೇಳಬೇಕು. ನಿದ್ದೆ ಅಂತೂ ಬರಲ್ಲ, ಬರೀತಾ ಕೂತ್ಕೋತೀನಿ. ನೀವೂ ಓದಿ.

1965ರ ಸೆಪ್ಟೆಂಬರ್. ಬೆಟ್ಸಿ ಅನ್ನೋ ಹರಿಕೇನ್. ಅಕ್ಕನಿಗೆ ಏಳು ವರ್ಷ. ಮನೆ ಲೋಯರ್ ನೈನ್ತ್ ವಾರ್ಡ್‌ನಲ್ಲಿ, ಕಪ್ಪು ಜನರ ಕೇರಿ ಅಂತಲೇ ಇಟ್ಟುಕೊಳ್ಳಿ. ಮೊದಲು ಜೌಗು ಇದ್ದ ಜಾಗ ಅದು. ನ್ಯೂ ಆರ್ಲಿಯನ್ಸ್‌ನಲ್ಲಿ ಒಂದು ವಿಚಿತ್ರ ಇದೆ: ನದಿ ದಂಡೆಯೇ ಎತ್ತರ, ಹಿಂದಕ್ಕೆ ಹೋದಷ್ಟೂ ತಗ್ಗು. ಸಾವಿರಾರು ವರ್ಷ ಮಿಸಿಸಿಪ್ಪಿ ಹೊಳೆ ಹೂಳು ತಂದು ದಂಡೆ ಎತ್ತರಿಸಿದೆ. ಆ ಎತ್ತರದ ನೆಲವನ್ನು ದುಡ್ಡಿದ್ದವರು ಮೊದಲೇ ಹಿಡಿದರು. ಜೌಗು ಬಡವರ ಪಾಲಾಯಿತು. ಬೆಟ್ಸಿ ರಾತ್ರಿ ಒಡ್ಡು ಒಡೆದು ನೀರು ಏರಿದಾಗ ಜನ ಅಟ್ಟ ಹತ್ತಿದರು. ನೀರು ಅಲ್ಲಿಗೂ ಬಂತು. ಮಾಡು ಒಡೆಯೋದಕ್ಕೆ ಕೈಯಲ್ಲಿ ಏನೂ ಇಲ್ಲದವರು ಅಟ್ಟದಲ್ಲೇ ಮುಳುಗಿ ಸತ್ತರು. ಅಂದಿನಿಂದ ಆ ವಾರ್ಡಿನ ಎಷ್ಟೋ ಮನೆಗಳಲ್ಲಿ ಅಟ್ಟದ ಮೇಲೆ ಒಂದು ಕೊಡಲಿ.

ಒಡ್ಡನ್ನು ಬೇಕಂತಲೇ ಒಡೆದರು ಅಂತ ಆ ವಾರ್ಡಿನ ಹಿರಿಯರು ಇವತ್ತಿಗೂ ನಂಬುತ್ತಾರೆ. 1965ರಲ್ಲಿ ಹಾಗೆ ನಡೆಯಿತು ಅನ್ನೋದಕ್ಕೆ ಪುರಾವೆ ಇಲ್ಲ. ಆದರೆ 1927ರಲ್ಲಿ ನಿಜವಾಗಿಯೂ ನಡೆದಿತ್ತು. ಮಿಸಿಸಿಪ್ಪಿ ಮಹಾಪೂರದಲ್ಲಿ ನಗರ ಉಳಿಸಬೇಕು ಅಂತ ಕೇರ್ನಾರ್ವನ್ ಅನ್ನೋ ಜಾಗದಲ್ಲಿ ಡೈನಮೈಟ್ ಇಟ್ಟು ಒಡ್ಡು ಒಡೆದರು. ಕೆಳಗಿನ ಎರಡು ಜಿಲ್ಲೆಗಳ ಬಡವರ ಬದುಕು ನೀರು ಪಾಲಾಯಿತು. ಒಮ್ಮೆ ಹಾಗೆ ಮಾಡಿದವರನ್ನು ಮತ್ತೆ ಯಾಕೆ ನಂಬಬೇಕು? ಇದನ್ನು ಮೂಢನಂಬಿಕೆ ಅನ್ನೋರು ಆ ಇತಿಹಾಸ ಓದಲಿ.

ಇದಕ್ಕಿಂತ ಕಠೋರವಾದದ್ದು 1928ರದ್ದು. ಅದು ಫ್ಲಾರಿಡಾದಲ್ಲಿ, ಓಕಿಚೋಬಿ ಅನ್ನೋ ದೊಡ್ಡ ಕೆರೆಯ ಬದಿಯಲ್ಲಿ. ಸೆಪ್ಟೆಂಬರ್ 16ರ ರಾತ್ರಿ ಹರಿಕೇನ್ ಕೆರೆ ನೀರನ್ನು ಒಂದೇ ಕಡೆ ತಳ್ಳಿತು, ಕೆಸರು ಮಣ್ಣಿನ ಕಟ್ಟೆ ಕಿತ್ತುಕೊಂಡು ಹೋಯಿತು. ಸತ್ತವರು ಕನಿಷ್ಠ 2,500. ಅದರಲ್ಲಿ ಸುಮಾರು ಮುಕ್ಕಾಲು ಪಾಲು ಕಪ್ಪು ಕೂಲಿಕಾರರು, ಹೊಲದ ಕೆಲಸಕ್ಕೆ ಗುಳೆ ಬಂದವರು. ಗುಳೆ ಅಂದರೆ ಏನು ಅಂತ ನಮ್ಮ ರಾಯಚೂರು, ಯಾದಗಿರಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನೀರು ಇಳಿದ ಮೇಲೆ ಹೆಣ ಎತ್ತೋರು ಯಾರು? ಬದುಕುಳಿದ ಕಪ್ಪು ಗಂಡಸರನ್ನು ಬಂದೂಕು ತೋರಿಸಿ ಹಚ್ಚಿದರು. ಕೂಟ್ ಸಿಂಪ್ಸನ್ ಎಂಬುವನು ಆ ಕೆಲಸ ಬಿಟ್ಟು ಹೊರಟನೆಂದು ಕಾವಲಿನವನು ಗುಂಡಿಟ್ಟು ಕೊಂದ. ಶವಪೆಟ್ಟಿಗೆ ಸಾಲದಾದಾಗ ಇದ್ದವನ್ನೆಲ್ಲ ಬಿಳಿಯರಿಗೆ ಕೊಟ್ಟರು. ವೆಸ್ಟ್ ಪಾಮ್ ಬೀಚ್ ಊರಿನಲ್ಲಿ ಬಿಳಿಯರ ಹೆಣಗಳು ಪೆಟ್ಟಿಗೆಯಲ್ಲಿ ವುಡ್‌ಲಾನ್ ಸ್ಮಶಾನಕ್ಕೆ ಹೋದವು. 674 ಕಪ್ಪು ಜನರ ಹೆಣಗಳನ್ನು ಅನಾಥರನ್ನು ಹೂಳೋ ಜಾಗದಲ್ಲಿ ಒಂದೇ ಗುಂಡಿಗೆ ಹಾಕಿದರು. ಹೆಸರಿಲ್ಲ, ಕಲ್ಲಿಲ್ಲ. ಎಪ್ಪತ್ತು ವರ್ಷ ಆ ಜಾಗಕ್ಕೆ ಒಂದು ಫಲಕವೂ ಇರಲಿಲ್ಲ. ಅಲ್ಲಿನ ಕಪ್ಪು ಜನ ಬೆನ್ನುಬಿಡದೆ ಹೋರಾಡಿದ ಮೇಲೆ 2000ದಲ್ಲಿ ನಗರಾಡಳಿತ ಆ ನೆಲವನ್ನು ಮರಳಿ ಕೊಂಡಿತು, ಆಮೇಲೆ ಸ್ಮಾರಕವಾಯಿತು. ಜೋರಾ ನೀಲ್ ಹರ್ಸ್ಟನ್ ಎಂಬ ಕಪ್ಪು ಲೇಖಕಿ 1937ರ ತನ್ನ ಕಾದಂಬರಿಯಲ್ಲಿ ಈ ಪ್ರಳಯವನ್ನು, ಹೆಣಗಳಲ್ಲಿ ಬಿಳಿ ಯಾವುದು ಕಪ್ಪು ಯಾವುದು ಅಂತ ವಿಂಗಡಿಸಿದ್ದನ್ನು ಬರೆಯದೇ ಹೋಗಿದ್ದರೆ ಹೊರಗಿನವರು ಪೂರಾ ಮರೆತುಬಿಡುತ್ತಿದ್ದರೋ ಏನೋ.

ಇದನ್ನು ಓದುವಾಗ ನನಗೆ ನೆನಪಾಗೋದು ನಾಗಪಟ್ಟಿಣಂ. 2004ರ ಸುನಾಮಿ. ಅದು ಬಿರುಗಾಳಿಯಲ್ಲ, ಆದರೆ ಹೆಣ ಎತ್ತೋದಕ್ಕೆ ಬೇರೆ ಊರುಗಳಿಂದ ಕರೆಸಿದ್ದು ಪೌರಕಾರ್ಮಿಕರನ್ನು, ಹೆಚ್ಚಿನವರು ನಮ್ಮವರೇ. ಅದೇ ಹೊತ್ತಿಗೆ ಪರಿಹಾರ ಶಿಬಿರಗಳಲ್ಲಿ ದಲಿತರನ್ನು ಹೊರಗಿಟ್ಟ ದೂರುಗಳು ಬಂದವು. 2019ರಲ್ಲಿ ಫೋನಿ ಚಂಡಮಾರುತ ಒಡಿಶಾಕ್ಕೆ ಬಡಿದಾಗ ಪುರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ದಲಿತ ಕುಟುಂಬಗಳನ್ನು ಆಶ್ರಯ ತಾಣದೊಳಗೆ ಬಿಡಲಿಲ್ಲ ಅಂತ ಪತ್ರಿಕೆಗಳು ಬರೆದವು. ಹೆಣ ಮುಟ್ಟೋದಕ್ಕೆ ನಮ್ಮ ಕೈ ಬೇಕು, ಬಾಗಿಲು ಮುಟ್ಟೋದಕ್ಕೆ ಬೇಡ.

ಈಗ ಕತ್ರೀನಾ. 2005ರಲ್ಲಿ ಅಕ್ಕ ನಾಲ್ಕು ದಿನ ಸುದ್ದಿ ಇರಲಿಲ್ಲ. ನಾನು ಟಿವಿ ಮುಂದೆ ಕೂತಿದ್ದೆ. ಊರಿನ ನೂರಕ್ಕೆ ಎಂಬತ್ತು ಭಾಗ ನೀರಲ್ಲಿ. ಮಾಡಿನ ಮೇಲೆ ನಿಂತು ಬಟ್ಟೆ ಬೀಸೋ ಜನ, ಬಹುತೇಕ ಕಪ್ಪು ಜನ. ನಮ್ಮವ್ವ ಹಿಂದೆ ನಿಂತು ನೋಡಿ ಕೇಳಿದಳು: "ಆಕಿ ಊರಾಗ ಎತ್ತರದ ಜಾಗ ಇಲ್ಲೇನೋ?" ಐತವ್ವ, ಅಲ್ಲಿ ಬ್ಯಾರೆ ಮಂದಿ ಅದಾರ ಅಂದೆ. ಅವ್ವ ಮತ್ತೇನೂ ಕೇಳಲಿಲ್ಲ. ಆಕೆಗೆ ಅಷ್ಟು ಸಾಕಾಗಿತ್ತು.

ಒಂದು ಮಾತು ಸರಿಯಾಗಿ ಹೇಳಬೇಕು. ಕತ್ರೀನಾದಲ್ಲಿ ಬಿಳಿಯರ ಲೇಕ್‌ವ್ಯೂ ಬಡಾವಣೆಯೂ ಮುಳುಗಿತು. ನೀರು ಬಣ್ಣ ಕೇಳಿ ಬರಲಿಲ್ಲ. ಸರ್ಕಾರದ ಎಂಜಿನಿಯರುಗಳು ಕಟ್ಟಿಸಿದ ಕಾಲುವೆ ಗೋಡೆಗಳೇ ಕುಸಿದಿದ್ದವು, ವಿನ್ಯಾಸದಲ್ಲೇ ದೋಷವಿತ್ತು ಅಂತ ಮರುವರ್ಷ ಅವರೇ ಒಪ್ಪಿಕೊಂಡರು. ವ್ಯತ್ಯಾಸ ಇದ್ದದ್ದು ನೀರಿನ ಹಿಂದೆ ಮುಂದೆ. ನೀರು ಬರೋಕೆ ಮುಂಚೆ ಕಾರು ಇದ್ದವರು ಹೋದರು, ಇಲ್ಲದವರು ಉಳಿದರು. ನಗರದ ಕಾಲುಭಾಗಕ್ಕೂ ಹೆಚ್ಚು ಮನೆಗಳಲ್ಲಿ ವಾಹನವೇ ಇರಲಿಲ್ಲ. ನೀರು ಬಂದ ಮೇಲೆ ಸೇತುವೆ ದಾಟಿ ಪಕ್ಕದ ಗ್ರೆಟ್ನಾ ಊರಿಗೆ ನಡೆದು ಹೊರಟ ಜನರನ್ನು ಆ ಊರಿನ ಪೊಲೀಸರು ಬಂದೂಕು ಹಿಡಿದು ವಾಪಸು ಕಳಿಸಿದರು. ಸೆಪ್ಟೆಂಬರ್ 4ರಂದು ಡಾನ್‌ಜಿಗರ್ ಸೇತುವೆ ಮೇಲೆ ಕೈಯಲ್ಲಿ ಆಯುಧವಿಲ್ಲದ ಕಪ್ಪು ಜನರ ಮೇಲೆ ಪೊಲೀಸರು ಗುಂಡು ಹಾರಿಸಿ ಇಬ್ಬರನ್ನು ಕೊಂದರು. ಒಬ್ಬನಿಗೆ ಹದಿನೇಳು ವರ್ಷ. ನೀರಿನಲ್ಲಿ ಸಾಮಾನು ಹಿಡಿದು ಹೋಗುತ್ತಿದ್ದ ಕಪ್ಪು ಹುಡುಗನ ಫೋಟೋಗೆ "ಲೂಟಿ" ಅಂತಲೂ, ಬಿಳಿ ಜೋಡಿಯ ಫೋಟೋಗೆ ಆಹಾರ "ಸಿಕ್ಕಿತು" ಅಂತಲೂ ಸುದ್ದಿಸಂಸ್ಥೆಗಳು ಅಡಿಬರಹ ಹಾಕಿದ್ದು ಆಗಲೇ.

ಆಮೇಲೆ ಪರಿಹಾರ. ಮನೆ ಮತ್ತೆ ಕಟ್ಟೋದಕ್ಕೆ ರೋಡ್ ಹೋಮ್ ಅಂತ ಯೋಜನೆ ಬಂತು. ನಿಯಮ ಏನಪ್ಪಾ ಅಂದರೆ, ಪ್ರವಾಹಕ್ಕೆ ಮುಂಚೆ ಮನೆಗೆ ಇದ್ದ ಬೆಲೆ, ಇಲ್ಲವೇ ಕಟ್ಟೋ ಖರ್ಚು, ಎರಡರಲ್ಲಿ ಯಾವುದು ಕಡಿಮೆಯೋ ಅದು. ಕಪ್ಪು ಜನರ ಕೇರಿಯಲ್ಲಿ ಅದೇ ಅಳತೆಯ ಮನೆಗೆ ಬೆಲೆ ಕಡಿಮೆ. ಸಿಮೆಂಟಿನ ರೇಟು ಮಾತ್ರ ಎರಡೂ ಕಡೆ ಒಂದೇ. ಲೇಕ್‌ವ್ಯೂ ಎದ್ದು ನಿಂತಿತು, ಲೋಯರ್ ನೈನ್ತ್ ವಾರ್ಡ್‌ನಲ್ಲಿ ಹುಲ್ಲು ಬೆಳೆಯಿತು. ಜನ ಕೋರ್ಟಿಗೆ ಹೋದರು, 2011ರಲ್ಲಿ ರಾಜಿಯಾಯಿತು, ಅಷ್ಟರಲ್ಲಿ ಎಷ್ಟೋ ಮಂದಿ ದೂರದ ಊರುಗಳಲ್ಲಿ ಬೇರು ಬಿಟ್ಟಿದ್ದರು. 2000ದ ಜನಗಣತಿಗೆ ಹೋಲಿಸಿದರೆ 2010ರಲ್ಲಿ ಆ ನಗರದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಕಪ್ಪು ಜನ ಕಡಿಮೆಯಾಗಿದ್ದರು. ಅಕ್ಕನ ತಾಯಿ ಹ್ಯೂಸ್ಟನ್‌ನಲ್ಲೇ ತೀರಿಕೊಂಡಳು, ಮನೆಗೆ ವಾಪಸು ಬರಲೇ ಇಲ್ಲ.

ಐದನೇ ದಿನ ಅಕ್ಕನ ಫೋನ್ ಬಂತು. ಕೊಡಲಿಯಿಂದ ಮಾಡು ಒಡೆದು ಹೊರಗೆ ಬಂದಿದ್ದಳು.

ನಾಲ್ಕು ವರ್ಷ ಕಳೆದು ಫೋನ್ ತಿರುಗಿತು. 2009, ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲು. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ನಮ್ಮ ಒಣನಾಡಿನ ಮೇಲೆ ಸುರಿಯಿತು. ಕೃಷ್ಣಾ, ತುಂಗಭದ್ರಾ ಉಕ್ಕಿ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ನಮ್ಮೂರಲ್ಲಿ ನೀರು ಮೊದಲು ಹೊಕ್ಕಿದ್ದು ಕೇರಿಗೆ. ಕೇರಿ ಹೊಳೆ ಕಡೆ ತಗ್ಗಿನಲ್ಲಿ, ಊರು ದಿಬ್ಬದ ಮೇಲೆ. ರಾತ್ರಿ ಅವ್ವನನ್ನು ಬೆನ್ನ ಮೇಲೆ ಹೊತ್ತು ಶಾಲೆಗೆ ಓಡಿದೆ. ಕೋಣೆಗಳು ತುಂಬಿದ್ದವು. "ನೀವು ವರಾಂಡದಾಗ ಕುಂದರ್ರಿ" ಅಂದರು. ಒಳಗೆ ಜಾಗ ಇರೋದು ನನ್ನ ಕಣ್ಣಿಗೇ ಕಾಣುತ್ತಿತ್ತು. ಎರಡು ರಾತ್ರಿ ಅವ್ವ ಎರಚಲು ಮಳೆಯಲ್ಲಿ ಗೋಡೆಗೆ ಒರಗಿ ಕೂತಳು. ನೀರು ಇಳಿದ ಮೂರನೇ ದಿನ ಊರಿನವರು ಕೇರಿ ಹುಡುಗರನ್ನು ಹುಡುಕಿಕೊಂಡು ಬಂದರು, ಸತ್ತ ಎತ್ತು, ಎಮ್ಮೆ ಎಳೆದು ಹಾಕಬೇಕಿತ್ತಲ್ಲ. ನಾವು ಎಂಟು ಮಂದಿ ಆಗಲ್ಲ ಅಂದೆವು. ಅದಕ್ಕೆ ಆಮೇಲೆ ಬೆಲೆಯನ್ನೂ ಕೊಟ್ಟೆವು. ಮನೆ ಪರಿಹಾರಕ್ಕೆ ಕಾಗದ ಕೇಳಿದರು. ಅಜ್ಜನ ಕಾಲದಿಂದ ಇದ್ದ ಮನೆ, ಹಕ್ಕುಪತ್ರ ಎಲ್ಲಿಂದ ತರೋದು? ಕೊನೆಗೆ ಎತ್ತರದಲ್ಲಿ ಹೊಸ ಬಡಾವಣೆ ಆಯಿತು, ಅಲ್ಲೂ ನಮ್ಮ ಸಾಲು ಬೇರೆ, ಕಟ್ಟಕಡೆಗೆ.

ಆಗ ಅಕ್ಕ ಫೋನ್ ಮಾಡಿ ಮೊದಲು ಕೇಳಿದ್ದು, ನಿಮ್ಮ ಮನೆ ತಗ್ಗಿನಲ್ಲಿತ್ತಾ ಅಂತ. ಸಮಾಧಾನ ಏನೂ ಹೇಳಲಿಲ್ಲ. ಪಟ್ಟಿ ಮಾಡು ಅಂದಳು. ಯಾರ ಮನೆ ಬಿತ್ತು, ಯಾರಿಗೆ ಎಷ್ಟು ಕೊಟ್ಟರು, ಯಾರಿಗೆ ಕೊಡಲಿಲ್ಲ, ತಾರೀಕು ಸಮೇತ ಬರೆದಿಡು, ಬರೆದಿಡದೆ ಇದ್ದದ್ದು ನಡೆದೇ ಇಲ್ಲ ಅಂತಾರೆ. ಆ ನೋಟ್‌ಬುಕ್ ಇಟ್ಟುಕೊಂಡೇ ನಾವು ಮೂವತ್ತೊಂದು ಮನೆಗೆ ಪರಿಹಾರ ಬಿಡಿಸಿಕೊಂಡೆವು.

1946ರಲ್ಲಿ ಬಾಬಾಸಾಹೇಬರು ಡಬ್ಲ್ಯೂ.ಇ.ಬಿ. ಡುಬೋಯಿಸ್ ಅವರಿಗೆ ಪತ್ರ ಬರೆದು, ಕಪ್ಪು ಜನ ವಿಶ್ವಸಂಸ್ಥೆಗೆ ಕೊಡಲಿದ್ದ ಮನವಿಯ ಪ್ರತಿ ಕೇಳಿದ್ದರು. 1972ರಲ್ಲಿ ಮುಂಬೈಯ ನಮ್ಮ ಹುಡುಗರು ಬ್ಲ್ಯಾಕ್ ಪ್ಯಾಂಥರ್ಸ್ ನೋಡಿ ದಲಿತ್ ಪ್ಯಾಂಥರ್ಸ್ ಅಂತ ಹೆಸರಿಟ್ಟುಕೊಂಡರು. ಭಾಷಣದಲ್ಲಿ ಇದನ್ನೆಲ್ಲ ಹೇಳ್ತೀವಿ. ನನ್ನ ಮಟ್ಟಿಗೆ ಆ ನಂಟು ಅಂದರೆ ಈ ನೋಟ್‌ಬುಕ್ಕು.

ಪ್ರಕೃತಿ ವಿಕೋಪಕ್ಕೆ ಜಾತಿ ಇಲ್ಲ ಅಂತ ನಾಳೆ ಯಾರಾದರೂ ಬರೆಯುತ್ತಾರೆ. ಗಾಳಿಗೆ ಇಲ್ಲ, ನಿಜ. ಆದರೆ ತಗ್ಗಿನಲ್ಲಿ ಯಾರು ಇರಬೇಕು, ಬಾಗಿಲು ಯಾರಿಗೆ ತೆರೆಯಬೇಕು, ಹೆಣ ಯಾರು ಎತ್ತಬೇಕು, ಕಾಗದ ಯಾರ ಹತ್ತಿರ ಇರಬೇಕು, ಇದೆಲ್ಲ ಗಾಳಿ ಹುಟ್ಟೋಕೆ ಮುಂಚೆಯೇ ತೀರ್ಮಾನ ಆಗಿರುತ್ತೆ. ನಾವು ಹೊಡೆದಾಡಬೇಕಾಗಿರೋದೂ ಆ ಮುಂಚಿನ ದಿನಗಳಲ್ಲೇ. ಇನ್ನೂ ಮಳೆಗಾಲ ಮುಗಿದಿಲ್ಲ. ನಿಮ್ಮ ಕೇರಿಯಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಅಂತ ಹಿರಿಯರನ್ನು ಕೇಳಿ ಬರೆದಿಡಿ. ನೀರು ಬಂದರೆ ಯಾವ ಕಟ್ಟಡದ ಬೀಗ ತೆರೆಯಬೇಕು, ಬೀಗದ ಕೈ ಯಾರ ಹತ್ತಿರ ಇದೆ ಅಂತ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ, ನಡಾವಳಿಯಲ್ಲಿ ಬರೆಸಿ. ಹಕ್ಕುಪತ್ರ ಇಲ್ಲದವರ ಪಟ್ಟಿ ಈಗಲೇ ಮಾಡಿ.

ಈಗ ರಾತ್ರಿ ಹನ್ನೊಂದೂವರೆ, ಅಲ್ಲಿ ಮಧ್ಯಾಹ್ನ ಒಂದು ಗಂಟೆ. ಅಕ್ಕನ ಮೆಸೇಜು ಬಂದಿದೆ: ನೀರು ತುಂಬಿಟ್ಟಿದ್ದಾಳೆ, ಪಕ್ಕದ ಮನೆಯವರು ಜನರೇಟರ್ ಕೊಡ್ತೀನಿ ಅಂದಿದ್ದಾರೆ, ಫೋನ್ ಚಾರ್ಜಿಗೆ ಹಾಕಿದ್ದಾಳೆ. ಕತ್ರೀನಾ ಆದಮೇಲೆ ಕಟ್ಟಿದ ಹೊಸ ಒಡ್ಡು ತಡೆಯುತ್ತೆ ಅಂತ ಎಲ್ಲರೂ ಹೇಳ್ತಿದಾರಂತೆ. ನೀನೇನಂತೀ ಅಂತ ಕೇಳಿದೆ. "ಒಡ್ಡು ನಂಬ್ತೀನಿ, ಕೊಡಲಿನೂ ಇಟ್ಕೋತೀನಿ" ಅಂತ ಬರೆದಳು.

ನಾಳೆ ಸುದ್ದಿ ಬಂದ ಕೂಡಲೇ ಇಲ್ಲೇ ತಿಳಿಸ್ತೀನಿ.

ಜೈ ಭೀಮ್.